ಬಯಲಿಗೆ ಬಂದ ಸಲಗ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಆನೆಯ ನಡವಳಿಕೆ ಕುರಿತ ಜನನಂಬಿಕೆಗಳು

ತುಮಕೂರು ಸೀಮೆಯವರಿಗೆ ಆನೆ ಹೊಸದಲ್ಲ, ಕಾಡಾನೆ ಹೊಸದು. ಮಠದ ಅಂಗಳದಲ್ಲಿ, ಉತ್ಸವದ ಮುಂದೆ, ಸರ್ಕಸ್ಸಿನ ಡೇರೆಯಲ್ಲಿ ಆನೆಯನ್ನು ಕಂಡು ಬೆಳೆದ ಜನ ಇವರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳನ್ನು ರಂಗದ ಮೇಲೆಯೇ ತಂದು ನಿಲ್ಲಿಸಿತ್ತು. ತುಮಕೂರು–ಕುಣಿಗಲ್ ರಸ್ತೆಯ ಗೂಳೂರಿನಲ್ಲಿ ಬಲಿಪಾಡ್ಯಮಿಗೆ ಕೂರುವ ಮಣ್ಣಿನ ಮಹಾಗಣಪತಿಗೆ ಕಾರ್ತಿಕ ಮಾಸವಿಡೀ ಪೂಜೆ ನಡೆಯುತ್ತದೆ. ಹೀಗೆ ಇಲ್ಲಿನ ಮನಸ್ಸಿನಲ್ಲಿ ಮೂಡಿರುವ ಆನೆ ಒಂದೋ ದೇವರು, ಇಲ್ಲವೇ ಮಾವುತನ ಮಾತು ಕೇಳುವ ಪ್ರಾಣಿ. ಕಾಕನಕೋಟೆಯ ಜೇನುಕುರುಬರಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಆನೆಯ ಬಗೆಗಿರುವ ತಿಳಿವಳಿಕೆ ಕಾಡಾನೆಯ ನೆರೆಯಲ್ಲೇ ಬದುಕಿ ಬಂದದ್ದು. ಬಯಲುಸೀಮೆಯ ತಿಳಿವಳಿಕೆ ಪಳಗಿದ ಆನೆಯಿಂದ ಬಂದದ್ದು. ನಾನು ಇಲ್ಲಿ ಮುಂದಿಡುವ ವಾದ ಇಷ್ಟೇ: ಈ ಸೀಮೆಯಲ್ಲಿ ಆನೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಅಜ್ಞಾನದಿಂದ ಹುಟ್ಟಿದವಲ್ಲ, ಪಳಗಿದ ಆನೆಯ ಬಗೆಗಿನ ಸರಿಯಾದ ಅನುಭವವನ್ನೇ ಕಾಡಾನೆಗೂ ಹಚ್ಚಿದ್ದರಿಂದ ಹುಟ್ಟಿದವು.

ಮೊದಲು ನೆಲದ ಮಾತು. ಕಾವೇರಿ ವನ್ಯಜೀವಿಧಾಮ ಮತ್ತು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡು ರಾಮನಗರ, ಮಾಗಡಿ ಕಡೆಗೆ ಬರುತ್ತ ತುಂಡುತುಂಡಾಗುತ್ತದೆ. ಸಾವನದುರ್ಗ ಅಂಥದೊಂದು ತುಂಡು. ಅಲ್ಲಿಂದ ವಾಯವ್ಯಕ್ಕೆ ಕುಣಿಗಲ್, ಹೆಬ್ಬೂರು, ಗುಬ್ಬಿಗಳ ಕಡೆ ದೊಡ್ಡ ಕಾಡಿಲ್ಲ. ಆದರೆ ಕೆರೆಗಳ ಸರಪಳಿಯಿದೆ, ಶಿಂಷಾ ಹರಿವಿದೆ, ಮಾರ್ಕೋನಹಳ್ಳಿ ಜಲಾಶಯವಿದೆ, ಹೇಮಾವತಿ ನಾಲೆಯಿದೆ, ನಡುನಡುವೆ ನೀಲಗಿರಿ ತೋಪುಗಳೂ ಜಾಲಿಯ ಪೊದೆಗಳೂ ಇವೆ. ಸುತ್ತ ರಾಗಿ, ಬಾಳೆ, ತೆಂಗು, ಅಡಿಕೆ. ಹಗಲು ಜಾಲಿ ಬೆಳೆದ ಕೆರೆಯಂಗಳದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊಲಕ್ಕಿಳಿದು, ಬೆಳಗಾಗುವುದರೊಳಗೆ ಮುಂದಿನ ಕೆರೆ ಸೇರುವ ಪ್ರಾಣಿಗೆ ಇದಕ್ಕಿಂತ ಅನುಕೂಲದ ನೆಲ ಬೇಕಿಲ್ಲ.

ಆದರೂ ಕೆರೆಯಲ್ಲಿ ಆನೆ ಕಂಡೊಡನೆ ಊರಲ್ಲಿ ಹುಟ್ಟುವ ಮೊದಲ ಮಾತು ‘ದಾರಿ ತಪ್ಪಿ ಬಂದಿದೆ’ ಎಂಬುದು. ಪತ್ರಿಕೆಗಳ ತಲೆಬರಹದಲ್ಲೂ ಅದೇ. ಈ ನಂಬಿಕೆಯೊಳಗೆ ಕರುಣೆಯಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಪ್ರಾಣಿಯ ವರ್ತನೆ ಬೇರೆಯದನ್ನೇ ಹೇಳುತ್ತದೆ. ಬಯಲಿಗೆ ಬರುವವು ಬಹುಪಾಲು ಗಂಡಾನೆಗಳು. ಹಿರಿಯ ಹೆಣ್ಣಾನೆಯ ಮುಂದಾಳುತನದ ಹಿಂಡು ಮರಿಗಳನ್ನು ಕಟ್ಟಿಕೊಂಡು ಇಷ್ಟು ದೂರದ ಅಪಾಯಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ. ರಾಮನ್ ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ ದಕ್ಷಿಣ ಭಾರತದ ಆನೆಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಲೇಖನ, ಬೆಳೆಗೆ ನುಗ್ಗುವುದರಲ್ಲಿ ವಯಸ್ಕ ಗಂಡಾನೆ ಹಿಂಡಿನ ಹೆಣ್ಣಾನೆಗಿಂತ ಹಲವು ಪಟ್ಟು ಮುಂದು ಎಂದು ತೋರಿಸಿತು. ಕಾಡಿನ ಹುಲ್ಲಿಗಿಂತ ತೆನೆ ಕಟ್ಟಿದ ರಾಗಿಯಲ್ಲಿ ಪುಷ್ಟಿ ಹೆಚ್ಚು. ಮೈ ಬೆಳೆಸಿ ಬಲಿಷ್ಠನಾದ ಗಂಡಿಗೆ ಸಂತಾನದ ಅವಕಾಶವೂ ಹೆಚ್ಚು. ಹಾಗಾಗಿ ಗುಂಡು, ಕರೆಂಟು, ಪಟಾಕಿಗಳ ಅಪಾಯಕ್ಕೆ ಎದೆಗೊಡುವುದು ಗಂಡಾನೆಗೆ ಲಾಭದ ಬಾಬತ್ತು. ‘ಕಾಡಿನಲ್ಲಿ ಮೇವಿಲ್ಲದೆ ಹಸಿದು ಬಂದಿದೆ’ ಎಂಬ ಎರಡನೆಯ ನಂಬಿಕೆ ನಿಜದ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. ಕಾಡು ಒಡೆದು ಚೂರಾದದ್ದು ನಿಜ, ಲಂಟಾನ ಹಬ್ಬಿ ಹುಲ್ಲು ಕುಗ್ಗಿದ್ದೂ ನಿಜ. ಆದರೆ ಮೈ ತುಂಬಿಕೊಂಡ ಸಲಗಗಳು ವರ್ಷವರ್ಷವೂ ತೆನೆ ಬಲಿಯುವ ಕಾಲಕ್ಕೇ ಬರುವುದನ್ನು ಹಸಿವೊಂದರಿಂದಲೇ ವಿವರಿಸಲಾಗದು.

ಈ ವಿಷಯದಲ್ಲಿ ನಮಗೆ ತೀರ ಹತ್ತಿರದ ಆಧಾರ ನಿಶಾಂತ್ ಶ್ರೀನಿವಾಸಯ್ಯ, ಸುಕುಮಾರ್, ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ. 2016ರ ಫೆಬ್ರವರಿಯಿಂದ 2017ರ ಡಿಸೆಂಬರ್‌ವರೆಗೆ ದಕ್ಷಿಣ ಭಾರತದ ಕಾಡು–ಹೊಲ ಬೆರೆತ ನೆಲದಲ್ಲಿ ಅವರು 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿದರು. ಅದಕ್ಕೆ ಬಳಸಿದ್ದು 1,445 ಛಾಯಾಚಿತ್ರ ದಾಖಲೆಗಳು. ಕಾಡಿನೊಳಗೆ ಹರೆಯದ ಗಂಡಾನೆಗಳು ಒಂಟಿಯಾಗಿಯೋ ಹೆಣ್ಣಾನೆಗಳ ಹಿಂಡಿನ ಜೊತೆಗೋ ಇದ್ದವು. ಬೆಳೆ ಮತ್ತು ಜನ ಹೆಚ್ಚಿರುವ ಕಡೆ ಅವೇ ವಯಸ್ಸಿನವು ಬರೀ ಗಂಡುಗಳ ಗುಂಪು ಕಟ್ಟಿಕೊಂಡಿದ್ದವು. ಆ ಗುಂಪುಗಳು ಬಹುಕಾಲ ಉಳಿಯುತ್ತಿದ್ದವು. ಏಷ್ಯಾದ ಗಂಡಾನೆ ಬೆಳೆದ ಮೇಲೆ ಒಂಟಿಗ ಎಂದು ವಿಜ್ಞಾನವೂ ಬಹುಕಾಲ ನಂಬಿತ್ತು. ಹೊಸ ಅಪಾಯದ ನೆಲದಲ್ಲಿ ಪ್ರಾಣಿ ತನ್ನ ಸಮಾಜದ ಕಟ್ಟನ್ನೇ ಬದಲಿಸಿಕೊಂಡಿರುವುದನ್ನು ಈ ಅಧ್ಯಯನ ಕಂಡಿತು. ತುಮಕೂರು ಸೀಮೆಯ ಕೆರೆಯಲ್ಲಿ ಮೂರೋ ನಾಲ್ಕೋ ಸಲಗಗಳು ಮೈಗೆ ಮೈ ತಾಗಿಸಿ ನಿಂತಿದ್ದರೆ ಅದು ಚದುರಿದ ಹಿಂಡಿನ ಉಳಿಕೆ ಎಂದು ತಿಳಿಯಬೇಕಿಲ್ಲ. ಹಿರಿಯನ ಬೆನ್ನಿಗೆ ಬಿದ್ದು ಕಿರಿಯವು ಬಯಲಿನ ವಿದ್ಯೆ ಕಲಿಯುತ್ತಿರುವ ಗುಂಪು ಅದಾಗಿರಬಹುದು.

ಇದರ ಬೆಳಕಿನಲ್ಲಿ ‘ಒಂಟಿ ಸಲಗ’ದ ಭಯವನ್ನೂ ನೋಡಬೇಕು. ಹಿಂಡಿನಿಂದ ಬಹಿಷ್ಕೃತವಾದ, ಸಿಟ್ಟಿಗೆದ್ದ, ಕಂಡವರನ್ನು ಕೊಲ್ಲುವ ಆನೆ ಎಂಬ ಚಿತ್ರ ನಮ್ಮ ಬೇಟೆ ಕಥೆಗಳಿಂದ ಸಿನಿಮಾದವರೆಗೆ ಹರಡಿದೆ. ಗಂಡು ಮರಿ ಹರೆಯಕ್ಕೆ ಬಂದಾಗ ಹಿಂಡು ಬಿಡುವುದು ಪ್ರಕೃತಿಯ ಕ್ರಮ. ಒಂಟಿಯಾಗಿರುವುದು ರೋಗವೂ ಅಲ್ಲ, ಶಿಕ್ಷೆಯೂ ಅಲ್ಲ. ಅಪಾಯದ ಸೂಚನೆ ಬೇಕಾದರೆ ನೋಡಬೇಕಾದ ಜಾಗ ಬೇರೆ: ಕಣ್ಣು ಮತ್ತು ಕಿವಿಯ ನಡುವಿನ ಗ್ರಂಥಿ ಊದಿಕೊಂಡು ಕೆನ್ನೆಯ ಮೇಲೆ ಕಪ್ಪಗೆ ಇಳಿದ ಒದ್ದೆ ಗೆರೆ, ಹಿಂಗಾಲುಗಳ ಒಳಬದಿ ತೊಟ್ಟಿಕ್ಕುವ ಮೂತ್ರ, ಅದರ ಗಾಢ ವಾಸನೆ. ಇದು ಮದ. ಮದವೆಂದರೆ ಅಮಲು, ಹುಚ್ಚು ಎಂಬ ನಂಬಿಕೆ ಸರಪಳಿಯಲ್ಲಿ ಕಟ್ಟಿದ ಆನೆಯನ್ನು ನೋಡಿ ಹುಟ್ಟಿದ್ದು. ಕಟ್ಟಿಹಾಕಿದ ಗಂಡಾನೆಗೆ ಆ ದಿನಗಳಲ್ಲಿ ಅಲೆದಾಡಲು ದಾರಿಯಿಲ್ಲ, ಹಾಗಾಗಿ ಅದರ ಒತ್ತಡವೆಲ್ಲ ಮಾವುತನ ಮೇಲೆ ತಿರುಗುತ್ತದೆ. ಕಾಡಿನಲ್ಲಿ ಅದು ಹೆಣ್ಣಾನೆಗಳನ್ನು ಅರಸಿ ದೂರದೂರ ನಡೆಯುವ, ಬೇರೆ ಗಂಡುಗಳು ದಾರಿ ಬಿಡುವ ಆರೋಗ್ಯದ ಸ್ಥಿತಿ. ನಮ್ಮ ಗಜಶಾಸ್ತ್ರಗಳಿಗೆ ಮದ ಬಹು ಹಳೆಯ ತಿಳಿವು. ಆಫ್ರಿಕಾದ ಆನೆಗೂ ಮದವಿದೆ ಎಂದು ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ವಿಜ್ಞಾನಲೋಕಕ್ಕೆ ತೋರಿಸಿದ್ದು 1981ರಲ್ಲಿ. ಹಳೆಯ ತಿಳಿವನ್ನೆಲ್ಲ ಮೂಢನಂಬಿಕೆಯ ಲೆಕ್ಕಕ್ಕೆ ಬರೆಯಬಾರದು ಎನ್ನುವುದಕ್ಕೆ ಇದೊಂದೇ ಸಾಕು.

ಇನ್ನೊಂದು ಉದಾಹರಣೆ ಇರುವೆಯದು. ಸೊಂಡಿಲಿಗೆ ಇರುವೆ ಹೊಕ್ಕರೆ ಆನೆ ಸಾಯುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ಸಾಯುವುದಿಲ್ಲ. ಆದರೆ ಕೀನ್ಯಾದಲ್ಲಿ ಗೊಹೀನ್ ಮತ್ತು ಪಾಮರ್ 2010ರಲ್ಲಿ ತೋರಿಸಿದಂತೆ, ಇರುವೆಗಳ ಕಾವಲಿರುವ ಜಾಲಿಜಾತಿಯ ಮರಗಳನ್ನು ಆನೆಗಳು ಮುಟ್ಟದೆ ಬಿಡುತ್ತವೆ. ಸೊಂಡಿಲಿನ ಒಳಪದರ ಅಷ್ಟು ಸೂಕ್ಷ್ಮ. ಕಥೆ ಉತ್ಪ್ರೇಕ್ಷೆ ಮಾಡಿತು, ಮೂಲದ ಗ್ರಹಿಕೆ ಸರಿಯಾಗಿಯೇ ಇತ್ತು. ಇಲಿಗೆ ಆನೆ ಹೆದರುತ್ತದೆ ಎಂಬುದಕ್ಕೆ ಇಷ್ಟು ಗಟ್ಟಿ ಆಧಾರವಿಲ್ಲ.

ಹಗೆಯ ನಂಬಿಕೆ ಇನ್ನೂ ಜಟಿಲ. ಸೂಜಿ ಚುಚ್ಚಿದ ದರ್ಜಿಯ ಅಂಗಡಿಗೆ ಕೊಳಕು ನೀರೆರಚಿದ ಆನೆಯ ಕಥೆ ಕೇಳದ ಕನ್ನಡದ ಮಗುವಿಲ್ಲ. ಆನೆಯ ನೆನಪು ದೊಡ್ಡದು, ಅನುಮಾನವಿಲ್ಲ. ಕ್ಯಾರೆನ್ ಮ್ಯಾಕ್‌ಕಾಂಬ್ ತಂಡ 2014ರಲ್ಲಿ ಕೀನ್ಯಾದ ಅಂಬೋಸೆಲಿಯಲ್ಲಿ ಮನುಷ್ಯರ ಧ್ವನಿಮುದ್ರಿಕೆ ಕೇಳಿಸಿದಾಗ, ಆನೆಗಳು ತಮ್ಮನ್ನು ಈಟಿಯಿಂದ ತಿವಿಯಬಲ್ಲ ಮಸಾಯಿ ಗಂಡಸರ ದನಿಗೆ ಎಚ್ಚೆತ್ತವು. ಕಾಂಬಾ ಗಂಡಸರ ದನಿಗೂ ಮಸಾಯಿ ಹೆಂಗಸರ, ಹುಡುಗರ ದನಿಗೂ ಅಷ್ಟು ಬೆದರಲಿಲ್ಲ. ಯಾರಿಂದ ಅಪಾಯ ಎಂದು ಆನೆ ವಿಂಗಡಿಸಿ ನೆನಪಿಡುತ್ತದೆ ಎಂಬುದು ಇದರ ಅರ್ಥ. ಇಂಥ ಮನುಷ್ಯನನ್ನೇ ಹುಡುಕಿಕೊಂಡು ಬಂದು ಸೇಡು ತೀರಿಸುತ್ತದೆ ಎಂಬುದಕ್ಕೂ ಇದಕ್ಕೂ ಬಹಳ ದೂರ. ಆನೆ ತುಳಿದು ಯಾರಾದರೂ ಸತ್ತಾಗ ‘ಅವನು ಹಿಂದೆ ಏನೋ ಮಾಡಿದ್ದ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ದುಡಿದು ಉಣ್ಣುವ ಮನೆಗೆ ಸಾವಿನ ಜೊತೆ ಕಳಂಕವನ್ನೂ ಹೊರಿಸುವ ಮಾತು ಅದು. ಸಾಮಾನ್ಯವಾಗಿ ಇಂಥ ಸಾವು ಮುಂಜಾನೆಯ ಮಬ್ಬಿನಲ್ಲೋ ಇಳಿಸಂಜೆಯಲ್ಲೋ ಮನುಷ್ಯ ಮತ್ತು ಆನೆ ಎದುರುಬದುರಾದಾಗ ನಡೆಯುವಂಥದು. ಬಯಲಿಗೆ ಹೋದವರು, ಹಾಲು ಹಾಕಲು ಹೊರಟವರು, ರಾಗಿ ಕಾಯಲು ಹೋದವರು ಹೀಗೆ ಸಿಕ್ಕಿಬೀಳುತ್ತಾರೆ.

ಭಕ್ತಿಯ ನಂಬಿಕೆಗಳನ್ನು ನಾನು ಖಂಡಿಸಲಾರೆ, ಆದರೆ ಅವು ಎಲ್ಲಿ ಸಲ್ಲುತ್ತವೆ ಎಂಬುದನ್ನು ಹೇಳಲೇಬೇಕು. ಆನೆಯ ಹೊಟ್ಟೆಯಡಿ ನುಸುಳಿಸಿದರೆ ಮಗುವಿನ ಭಯ ಹೋಗುತ್ತದೆ, ಲದ್ದಿ ತುಳಿದರೆ ಅಂಗಾಲಿನ ಬಿರುಕು ಮಾಯುತ್ತದೆ, ಬಾಲದ ಕೂದಲಿನ ಉಂಗುರ ದೃಷ್ಟಿ ಕಳೆಯುತ್ತದೆ ಎಂಬೆಲ್ಲವೂ ಮಾವುತ ಪಕ್ಕದಲ್ಲಿ ನಿಂತಿರುವ ಆನೆಯ ಸುತ್ತ ಬೆಳೆದವು. ಕಾರ್ತಿಕದಲ್ಲಿ ಗೂಳೂರಿನ ಗಣಪನಿಗೆ ಪೂಜೆ ನಡೆಯುವ ಹೊತ್ತಿಗೇ ಸುತ್ತಲ ಹೊಲಗಳಲ್ಲಿ ರಾಗಿ ತೆನೆ ಬಲಿಯುತ್ತಿರುತ್ತದೆ, ಸಲಗಗಳ ಓಡಾಟಕ್ಕೂ ಅದೇ ಕಾಲ. ಕೆರೆ ಏರಿಯ ಮೇಲೆ ನಿಂತು ಕೈಮುಗಿಯುವವರು, ಬಾಳೆಹಣ್ಣು ಹಿಡಿದು ನೀರಂಚಿಗೆ ಇಳಿಯುವವರು, ಮೊಬೈಲ್ ಎತ್ತಿ ಹಿಡಿದವರು, ಕಲ್ಲು ಬೀರುವ ಹುಡುಗರು ಒಂದೇ ಗುಂಪಿನಲ್ಲಿ ಸೇರಿಬಿಡುತ್ತಾರೆ. ನೀರಿನಲ್ಲಿ ಅಲುಗಾಡದೆ ನಿಂತ ಆನೆ ಜನರ ಕಣ್ಣಿಗೆ ಶಾಂತವಾಗಿ ಕಾಣುತ್ತದೆ. ಆದರೆ ಮಿಸುಕದೆ ನಿಂತು, ಕಿವಿ ಅಗಲಿಸಿ, ಸೊಂಡಿಲ ತುದಿಯನ್ನು ಜನರತ್ತ ತಿರುಗಿಸಿದ ಆನೆ ವಾಸನೆ ಹಿಡಿಯುತ್ತಿದೆ, ಲೆಕ್ಕ ಹಾಕುತ್ತಿದೆ. ನಿಜವಾಗಿ ಆರಾಮಾಗಿರುವ ಆನೆ ಕಿವಿ ಬೀಸುತ್ತಿರುತ್ತದೆ, ಬಾಲ ಆಡಿಸುತ್ತದೆ, ಜೊಂಡು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತದೆ. ಈ ವ್ಯತ್ಯಾಸ ಮಾವುತರಿಗೆ ಗೊತ್ತು, ಏರಿಯ ಮೇಲಿನ ಜನಕ್ಕೆ ಗೊತ್ತಿಲ್ಲ.

ಬಯಲಿನ ರೈತರು ತಮ್ಮ ಕಣ್ಣಿನಿಂದಲೇ ಕಲಿಯಬಹುದಾದದ್ದೂ ಬಹಳವಿದೆ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಆನೆಯ ಬಗೆಗಿನ ಹಲವು ಉತ್ಪ್ರೇಕ್ಷೆಗಳನ್ನು ಅಳತೆ ಹಿಡಿದೇ ಕೆಳಗಿಳಿಸಿದ. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಭುಜದ ಎತ್ತರ ಎಂಬ ಲೆಕ್ಕ ಇಂದಿಗೂ ಹೆಚ್ಚುಕಡಿಮೆ ನಿಲ್ಲುತ್ತದೆ. ಕೆರೆಯಂಗಳದ ಕೆಸರಿನಲ್ಲಿ ಅಚ್ಚೊತ್ತಿದ ಹೆಜ್ಜೆಯ ಸುತ್ತ ಒಂದು ಹಗ್ಗ ಹಿಡಿದರೆ ಬಂದದ್ದು ಹರೆಯದ್ದೋ ಹಿರಿಯದೋ ಎಂದು ಅಂದಾಜಾಗುತ್ತದೆ. ಬಾಳೆಯ ದಿಂಡು ಸೀಳಿ ತಿರುಳು ಮಾತ್ರ ತಿಂದದ್ದು, ಎಳೆ ತೆಂಗನ್ನು ಹಣೆಯಿಂದ ಒತ್ತಿ ಕೆಡವಿ ಸುಳಿ ಎಳೆದದ್ದು, ಹಲಸಿನ ಕಾಲದಲ್ಲಿ ಹಣ್ಣನ್ನು ಕಾಲಿನಿಂದ ಒತ್ತಿ ಒಡೆದದ್ದು ಎಲ್ಲವೂ ಓದಬಹುದಾದ ಗುರುತುಗಳೇ. ಹಲಸಿಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯವರಿಗೆ ಈ ಓದು ಉಪಯೋಗಕ್ಕೆ ಬಂದೀತು. ಮಾಗಿದ ಹಲಸಿನ ವಾಸನೆ ಆನೆಯನ್ನು ದೂರದಿಂದಲೇ ಎಳೆಯುತ್ತದೆ.

ಕೊನೆಯ ನಂಬಿಕೆ ಜನರದ್ದಷ್ಟೇ ಅಲ್ಲ, ಆಡಳಿತದ್ದೂ ಹೌದು: ಹಿಡಿದು ದೂರದ ಕಾಡಿಗೆ ಬಿಟ್ಟರೆ ಮುಗಿಯಿತು ಎಂಬುದು. ಹೈಕೋರ್ಟ್ ನೇಮಿಸಿದ, ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯದ ಆನೆ ನೆಲವನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ವಿಂಗಡಿಸಿತು. ಎಲ್ಲ ಕಡೆಗೂ ಒಂದೇ ಮದ್ದಿಲ್ಲ ಎಂದು ಒಪ್ಪಿದ ವಿಂಗಡಣೆ ಅದು. ಕೆಲವೆಡೆ ಹಿಡಿಯುವುದು ಅನಿವಾರ್ಯ ಎಂದೂ ಅದು ಮುಚ್ಚುಮರೆಯಿಲ್ಲದೆ ಹೇಳಿತು. ಹಿಡಿದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆಗೆ ಶ್ರೀಲಂಕಾದ ಅನುಭವ ಕಠಿಣವಾದ ಉತ್ತರ ಕೊಡುತ್ತದೆ. ಪೃಥಿವಿರಾಜ್ ಫರ್ನಾಂಡೋ ಮತ್ತು ಸಂಗಡಿಗರು ಸ್ಥಳಾಂತರಿಸಿದ 12 ಗಂಡಾನೆಗಳಿಗೆ ಜಿಪಿಎಸ್ ಕಾಲರ್ ತೊಡಿಸಿ ಹಿಂಬಾಲಿಸಿದರು, 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲವು ಹಿಡಿದ ಜಾಗಕ್ಕೇ ಮರಳಿದವು, ಕೆಲವು ಅಲೆಮಾರಿಗಳಾದವು, ಕೆಲವು ಬಿಟ್ಟ ಕಡೆಯ ಸುತ್ತಮುತ್ತ ನೆಲೆಯಾದವು. ಒಟ್ಟಿನಲ್ಲಿ ಸಂಘರ್ಷ ಹೆಚ್ಚಿತು, ಆನೆಗಳ ಸಾವೂ ಹೆಚ್ಚಿತು. ಕುಣಿಗಲ್‌ನಿಂದ ಸಾವನದುರ್ಗಕ್ಕೆ ಕೆಲವೇ ರಾತ್ರಿಗಳ ನಡಿಗೆ, ನಡುವೆ ಕೆರೆಗಳಿಗೇನೂ ಕೊರತೆಯಿಲ್ಲ. ಒಂದು ಸಲಗವನ್ನು ಎತ್ತಿಕೊಂಡು ಹೋದರೂ ಅದರ ಬೆನ್ನ ಹಿಂದೆ ದಾರಿ ಕಲಿತ ಕಿರಿಯವು ಕಾಡಿನಲ್ಲೇ ಇರುತ್ತವೆ. ಅವು ಬರುವ ತಿಂಗಳು ರೈತನಿಗೂ ಗೊತ್ತು, ಅರಣ್ಯ ಇಲಾಖೆಗೂ ಗೊತ್ತು. ಹಗಲು ಕೆರೆಯಲ್ಲಿ ಸಿಕ್ಕಿದ ಗುಂಪನ್ನು ಪಟಾಕಿ ಹಚ್ಚಿ ಅಲ್ಲಿಂದಲೇ ಓಡಿಸಲು ಹೋಗದೆ, ಏರಿಯಿಂದ ಜನರನ್ನು ಇಳಿಸಿ, ಕತ್ತಲಾಗುವವರೆಗೆ ಕಾದು, ಬಂದ ದಿಕ್ಕಿಗೇ ದಾರಿ ತೆರವಾಗಿಡುವುದು ಸದ್ಯಕ್ಕೆ ಈ ಮೂರೂ ತಾಲ್ಲೂಕುಗಳಲ್ಲಿ ಕೈಗೆಟುಕುವ ಕ್ರಮ.