ಹಬ್ಬಕ್ಕೆ ಉಡುಗೊರೆ ಬೇಡ, ಪ್ರವಾಸ ಹೋಗಿ: ಇದರಿಂದ ನಿಜಕ್ಕೂ ಖುಷಿ ಹೆಚ್ಚುತ್ತದೆಯೇ?

ದಸರಾ, ದೀಪಾವಳಿ ಹತ್ತಿರವಾದಂತೆ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಮಾತು ಓಡಾಡುತ್ತದೆ: "ವಸ್ತು ಕೊಟ್ಟರೆ ಸಂತೋಷ ನಾಲ್ಕು ದಿನ, ಪ್ರವಾಸ ಮಾಡಿಸಿದರೆ ಜೀವನಪೂರ್ತಿ. ವಿಜ್ಞಾನವೇ ಇದನ್ನು ಸಾಬೀತು ಮಾಡಿದೆ." ಕೇಳಲು ಚೆನ್ನಾಗಿದೆ. ಆದರೆ ಇದನ್ನು ನಂಬಿ ಸಾಲ ಮಾಡಿ ಟೂರ್ ಪ್ಯಾಕೇಜ್ ಕೊಳ್ಳುವವರೂ ಇರುವುದರಿಂದ, ಸಂಶೋಧನೆಗಳು ಏನು ಹೇಳಿವೆ ಎಂದು ನೋಡುವುದು ಒಳ್ಳೆಯದು.

ಚುಟುಕಾಗಿ ಹೇಳುವುದಾದರೆ: ಮಾತಿನಲ್ಲಿ ಹುರುಳಿದೆ. ಆದರೆ "ಜೀವನಪೂರ್ತಿ" ಮತ್ತು "ಸಾಬೀತು" ಎಂಬ ಎರಡು ಪದಗಳು ಉತ್ಪ್ರೇಕ್ಷೆ.

ಈ ಮಾತು ಎಲ್ಲಿಂದ ಬಂತು?

ಅಮೆರಿಕದ ಮನೋವಿಜ್ಞಾನಿಗಳಾದ ಲೀಫ್ ವ್ಯಾನ್ ಬೋವನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಜನರನ್ನು ಕೇಳಿದ್ದು ಸರಳ ಪ್ರಶ್ನೆ: ನೀವು ಸಂತೋಷಕ್ಕಾಗಿ ಕೊಂಡ ಒಂದು ವಸ್ತು ಮತ್ತು ದುಡ್ಡು ಕೊಟ್ಟು ಪಡೆದ ಒಂದು ಅನುಭವ, ಎರಡರಲ್ಲಿ ಯಾವುದು ಹೆಚ್ಚು ಖುಷಿ ಕೊಟ್ಟಿತು? ಸಾವಿರಕ್ಕೂ ಹೆಚ್ಚು ಜನರ ದೂರವಾಣಿ ಸಮೀಕ್ಷೆಯಲ್ಲಿ ಶೇ. 57 ಮಂದಿ ಅನುಭವ ಎಂದರು, ಶೇ. 34 ಮಂದಿ ವಸ್ತು ಎಂದರು. ಹೆಚ್ಚಿನವರ ಒಲವು ಅನುಭವದ ಕಡೆಗೆ ಇತ್ತು ನಿಜ, ಆದರೆ ಮೂವರಲ್ಲಿ ಒಬ್ಬರು ವಸ್ತುವನ್ನೇ ಆರಿಸಿಕೊಂಡಿದ್ದರು. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಅರ್ಧ ಕಾಣಸಿಗುವುದಿಲ್ಲ.

ಅನುಭವಕ್ಕೆ ಯಾಕೆ ಹೆಚ್ಚು ಅಂಕ?

ಮೊದಲ ಕಾರಣ, ಮನಸ್ಸು ವಸ್ತುವಿಗೆ ಬೇಗ ಒಗ್ಗಿಕೊಳ್ಳುತ್ತದೆ. ಹೊಸ ಮೊಬೈಲ್ ತಂದ ವಾರ ಅದನ್ನು ಒರೆಸಿ ಒರೆಸಿ ಇಡುತ್ತೇವೆ, ಮೂರು ತಿಂಗಳಿಗೆ ಅದು ಬರೀ ಮೊಬೈಲ್. ಮನೋವಿಜ್ಞಾನದಲ್ಲಿ ಇದಕ್ಕೆ ಹೆಡೋನಿಕ್ ಅಡಾಪ್ಟೇಶನ್ ಎನ್ನುತ್ತಾರೆ.

ಎರಡನೆಯದು ಹೋಲಿಕೆ. ಪಕ್ಕದ ಮನೆಯವರು ಇನ್ನೂ ದೊಡ್ಡ ಟಿವಿ ತಂದರೆ ನಮ್ಮ ಟಿವಿ ಸಣ್ಣದಾಗಿ ಕಾಣುತ್ತದೆ. ಅವರು ಊಟಿಗೆ ಹೋಗಿ ಬಂದರೆಂದು ನಾವು ಬಾದಾಮಿಯಲ್ಲಿ ಕಳೆದ ದಿನ ಅಷ್ಟು ಸುಲಭವಾಗಿ ಸಪ್ಪೆಯಾಗುವುದಿಲ್ಲ.

ಮೂರನೆಯದು ನೆನಪಿನ ಸ್ವಭಾವ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ಪ್ರವಾಸ ಮಾಡಿದವರನ್ನು ಹೋಗುವ ಮುನ್ನ, ನಡುವೆ ಮತ್ತು ಬಂದ ಮೇಲೆ ಮಾತನಾಡಿಸಲಾಯಿತು. ದಾರಿಯಲ್ಲಿ ಮಳೆ, ಆಯಾಸ ಎಂದು ಗೊಣಗಿದವರೇ ಮನೆಗೆ ಬಂದ ಮೇಲೆ "ಚೆನ್ನಾಗಿತ್ತು" ಎಂದರು. ಬಸ್ ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಕುಳಿತ ರಾತ್ರಿ ಮುಂದೆ ಮನೆಯವರೆಲ್ಲ ನಗುವ ಕಥೆಯಾಗುವುದು ಹೀಗೆಯೇ.

ಪ್ರವಾಸದ ಖುಷಿ ಎಷ್ಟು ದಿನ ಉಳಿಯುತ್ತದೆ?

ಇಲ್ಲಿದೆ ಅಚ್ಚರಿ. ನೆದರ್ಲೆಂಡ್ಸ್‌ನಲ್ಲಿ 1,530 ವಯಸ್ಕರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 974 ಮಂದಿ ರಜೆಯಲ್ಲಿ ಪ್ರವಾಸ ಹೋಗಿದ್ದರು. ಹೊರಡುವ ಮೊದಲು ಇವರು ಮನೆಯಲ್ಲೇ ಉಳಿದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಬಂದ ಮೇಲೆ ಹೆಚ್ಚಿನವರಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. "ತುಂಬಾ ಆರಾಮಾಗಿತ್ತು" ಎಂದವರಲ್ಲಿ ಮಾತ್ರ ಖುಷಿ ಸುಮಾರು ಎರಡು ವಾರ ಉಳಿದಿತ್ತು, ಎಂಟು ವಾರದೊಳಗೆ ಅದೂ ಕರಗಿತ್ತು.

ನೆನಪು ಸಿಹಿಯಾಗಿ ಉಳಿಯುತ್ತದೆ, ದಿನನಿತ್ಯದ ಮನಸ್ಥಿತಿ ಮಾತ್ರ ಹಳೆಯ ಜಾಗಕ್ಕೆ ಮರಳುತ್ತದೆ. ಎರಡೂ ನಿಜ. ಹಾಗಾಗಿ "ಜೀವನಪೂರ್ತಿ ಸಂತೋಷ" ಎನ್ನುವುದಕ್ಕೆ ಆಧಾರವಿಲ್ಲ. ಇನ್ನೊಂದು ಮಾತು: ಈ ಅಧ್ಯಯನದ ಪ್ರಕಾರ ಹೊರಡುವ ಮುಂಚಿನ ಕಾತರವೇ ದೊಡ್ಡ ಲಾಭ. ವಸ್ತುವಿಗಾಗಿ ಕಾಯುವುದಕ್ಕಿಂತ ಅನುಭವಕ್ಕಾಗಿ ಕಾಯುವುದು ಹಿತವಾಗಿರುತ್ತದೆ ಎಂದು ಗಿಲೊವಿಚ್ ಮತ್ತು ಸಂಗಡಿಗರು 2014ರಲ್ಲಿ ಬೇರೆಯಾಗಿಯೇ ತೋರಿಸಿದ್ದಾರೆ.

ಎಲ್ಲರಿಗೂ ಇದು ಅನ್ವಯಿಸುತ್ತದೆಯೇ?

ಇಲ್ಲ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಅನುಭವದ ಈ ಮೇಲುಗೈ ಉಳ್ಳವರಲ್ಲಿ ಸ್ಪಷ್ಟ. ಕೈ ಬಿಗಿಯಾಗಿರುವವರಿಗೆ ವಸ್ತುವೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಮಿಕ್ಸಿ ಕೆಟ್ಟು ಕೂತ ಮನೆಗೆ ಹೊಸ ಮಿಕ್ಸಿ ಬಂದರೆ ಅದರ ಉಪಯೋಗ ದಿನವೂ ಇದೆ. ಮಕ್ಕಳಿಗೆ ಕನ್ನಡಕ, ಅಜ್ಜಿಗೆ ಕಿವಿಯ ಮಷೀನ್ ಬೇಕಿರುವಾಗ ಪ್ರವಾಸವೇ ಮೇಲು ಎಂದು ಯಾವ ಅಧ್ಯಯನವೂ ಹೇಳಿಲ್ಲ.

ಕೆಟ್ಟ ಅನುಭವದ ವಿಷಯವೂ ಹಾಗೆಯೇ. ಕೆಟ್ಟದಾಗಿ ಮುಗಿದ ಅನುಭವವು ಕೆಟ್ಟ ವಸ್ತುವಿಗಿಂತ ಮೇಲಾಗಿರಬೇಕೆಂದೇನೂ ಇಲ್ಲ ಎಂದು 2009ರ ಅಧ್ಯಯನ ಕಂಡುಕೊಂಡಿತು. ಸೈಕಲ್, ಕೇರಂ ಬೋರ್ಡ್, ವಾದ್ಯಗಳಂಥ ವಸ್ತುಗಳು ಅನುಭವದಷ್ಟೇ ತೃಪ್ತಿ ಕೊಡಬಲ್ಲವು ಎಂಬುದಕ್ಕೂ ಸಂಶೋಧನೆಯ ಬೆಂಬಲವಿದೆ. ಇವು ಕೈಗೆ ಸಿಗುವ ವಸ್ತುಗಳಾದರೂ ಅವುಗಳ ಬಳಕೆಯೇ ಒಂದು ಅನುಭವ.

ನಮ್ಮಲ್ಲಿ ಇನ್ನೊಂದು ವಿಷಯವಿದೆ. ಗೌರಿ ಹಬ್ಬದಲ್ಲಿ ತವರಿನಿಂದ ಬರುವ ಬಾಗಿನ, ದೀಪಾವಳಿಗೆ ಮನೆಗೆಲಸದವರಿಗೆ ಕೊಡುವ ಸೀರೆ, ಇವನ್ನು ಬರೀ ವಸ್ತು ಎಂದು ಲೆಕ್ಕ ಹಾಕಲಾಗದು. ಅವು ಸಂಬಂಧದ ಗುರುತು. ನಿಮ್ಮ ಮನೆಯ ಪ್ರವಾಸದ ಖರ್ಚಿಗೆಂದು ಅದನ್ನು ಕಡಿತ ಮಾಡಿದರೆ ಖುಷಿ ನಿಮ್ಮದು, ಬೇಸರ ಅವರದ್ದು.

ಹೋಗುವುದೇ ಆದರೆ ಏನು ಗಮನಿಸಬೇಕು?

• ಸಾಲ ಬೇಡ. ಖುಷಿ ಎಂಟು ವಾರದೊಳಗೆ ಇಳಿದರೂ ಇಎಂಐ ವರ್ಷಗಟ್ಟಲೆ ಉಳಿಯಬಹುದು. ಉಡುಗೊರೆಗೆಂದು ಎತ್ತಿಟ್ಟ ಹಣದಷ್ಟೇ ಪ್ರವಾಸ ಸಾಕು.

• ಆರಾಮವೇ ಮುಖ್ಯ. ಮೂರು ದಿನಕ್ಕೆ ಒಂಬತ್ತು ಊರು ಸುತ್ತುವ ಬದಲು ಒಂದೆರಡು ಜಾಗ ನೋಡಿ. ಮನೆಯಲ್ಲಿ ಅಡುಗೆ ಮಾಡುವ ಅಮ್ಮ ಅಲ್ಲೂ ಬುತ್ತಿ ಕಟ್ಟಿ, ಬಟ್ಟೆ ಒಗೆದು, ಮಕ್ಕಳ ಹಿಂದೆ ಓಡುತ್ತಿದ್ದರೆ ಅವರಿಗದು ರಜೆಯಲ್ಲ. ಕೆಲಸ ಹಂಚಿಕೊಳ್ಳಿ.

• ಬೇಗ ನಿರ್ಧರಿಸಿ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮೊದಲೇ ಬುಕ್ ಮಾಡಿದರೆ ಸೀಟೂ ಸಿಗುತ್ತದೆ, ಕಾಯುವ ಖುಷಿಯೂ ಸಿಗುತ್ತದೆ.

• ಹತ್ತಿರದ ಜಾಗವೂ ಪ್ರವಾಸವೇ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು, ಹಳೇಬೀಡುಗಳನ್ನು ಹಾಸನದಿಂದ ಒಂದೇ ದಿನದಲ್ಲಿ ನೋಡಿ ಬರಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ದುಡ್ಡಿಲ್ಲ. ಎಸಿ, ರಾಜಹಂಸದಂಥ ಐಷಾರಾಮಿ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ.

• ಎಲ್ಲರನ್ನೂ ಕೇಳಿ. ಮಂಡಿನೋವಿರುವ ಅಜ್ಜನಿಗೆ ಬೆಟ್ಟ ಹತ್ತುವ ಪ್ರವಾಸ ಉಡುಗೊರೆಯಲ್ಲ. ಚಿಕ್ಕ ಮಕ್ಕಳಿಗೆ ಹಬ್ಬದ ಹೊಸ ಬಟ್ಟೆ ಪೂರ್ತಿ ತಪ್ಪಿಸಬೇಡಿ, ಅದಕ್ಕಾಗಿ ಅವರೂ ಕಾಯುತ್ತಿರುತ್ತಾರೆ.

ಹೋಗಲು ಆಗದಿದ್ದರೆ?

ಚಿಂತೆ ಬೇಡ. ಅನುಭವದ ಉಡುಗೊರೆಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನ ಒಂದು ಕುತೂಹಲದ ಸಂಗತಿ ತಿಳಿಸಿತು: ಕೊಟ್ಟವರು ಜೊತೆಗೆ ಹೋಗದಿದ್ದರೂ ಇಂಥ ಉಡುಗೊರೆ ಸಂಬಂಧವನ್ನು ಗಟ್ಟಿ ಮಾಡುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ನಾಟಕದ ಟಿಕೆಟ್, ಅವರು ಬಹಳ ದಿನದಿಂದ ನೋಡಬೇಕೆಂದುಕೊಂಡ ಕ್ಷೇತ್ರಕ್ಕೆ ಹೋಗಿಬರುವ ವ್ಯವಸ್ಥೆ, ಇಷ್ಟೂ ಸಾಕು.

ಕೊನೆಯದಾಗಿ, ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಜನರ ಮೇಲೆ ನಡೆದವು, ಮತ್ತು ಅವು ಹೇಳುವುದು ಸರಾಸರಿಯ ಮಾತು. ನಿಮ್ಮ ಮನೆಗೆ ಈ ವರ್ಷ ಏನು ಬೇಕು ಎಂಬುದು ನಿಮಗೇ ಗೊತ್ತು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಕಳಿಸುವ ಮುನ್ನ ಒಂದು ಸಾಲು ಸೇರಿಸಿ: ಅನುಕೂಲವಿದ್ದರೆ ಹೋಗಿ, ಸಾಲ ಮಾಡಿ ಹೋಗಬೇಡಿ.