ಪ್ರಸಾದನಿಲಯವೆಂಬ ಶಬ್ದದ ವಿಚಾರ

ಚಾಮರಾಜನಗರ, ಗುಂಡ್ಲುಪೇಟೆಗಳ ಗ್ರಾಮಗಳಿಂದ ಉನ್ನತ ವ್ಯಾಸಂಗಕ್ಕೆಂದು ಹೊರಟ ಹಿಂದಿನ ತಲೆಮಾರಿನ ಬಾಲಕನಿಗೆ ವಿದ್ಯೆಯ ಚಿಂತೆಗಿಂತ ಅನ್ನದ ಚಿಂತೆಯೇ ಮೊದಲು ಎದುರಾಗುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತು. ನಂಜನಗೂಡಿನವರೆಗೆ ಬಂದು ನಿಂತಿದ್ದ ರೈಲುದಾರಿ 1926ರಲ್ಲಿ ಚಾಮರಾಜನಗರವನ್ನು ಮುಟ್ಟಿತು. ಗುಂಡ್ಲುಪೇಟೆಗೆ ಆ ಭಾಗ್ಯವೂ ಒದಗಲಿಲ್ಲ. ಸುಮಾರು 60 ಕಿಲೋಮೀಟರು ದೂರದ ಪಟ್ಟಣಕ್ಕೆ ನಿತ್ಯವೂ ಹೋಗಿಬರುವುದಂತೂ ಅಸಾಧ್ಯವಾಗಿದ್ದಿತು. ಅಲ್ಲಿಯೇ ನಿಂತು ಓದುವವನಿಗೆ ಉಣಬಡಿಸುವವರಾರು?

ಆ ಕಾಲದ ವಿದ್ಯಾರ್ಥಿಜೀವನವನ್ನು ಹೇಳುವ ಪ್ರಸಿದ್ಧವಾದ ಮಾತು 'ವಾರಾನ್ನ'. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ವಾರವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸರದಿಯೆಂದು ಅರ್ಥ. ರವಿವಾರವೆಂದರೆ ಸೂರ್ಯನ ಸರದಿಯ ದಿನ. ವಾರಾನ್ನವು ಸರದಿಯ ಅನ್ನ. ಅದರಿಂದ ಅನೇಕರು ವಿದ್ಯಾವಂತರಾದರೆಂಬುದು ನಿರ್ವಿವಾದ. ಆದರೆ ಪಂಕ್ತಿಭೇದವಿದ್ದ ದಿನಗಳಲ್ಲಿ ಆ ಬಾಗಿಲುಗಳು ಎಲ್ಲ ಜಾತಿಯ ಬಾಲಕರಿಗೂ ತೆರೆಯುತ್ತಿರಲಿಲ್ಲ. ತೆರೆದಲ್ಲಿಯೂ ಉಣ್ಣುವವನು ಏಳು ಮನೆಗಳ ಹಂಗನ್ನು ಹೊರಬೇಕಾಗಿದ್ದಿತು.

ವೀರಶೈವ ಮಠಗಳು ತಮ್ಮ ಉಚಿತ ಭೋಜನಶಾಲೆಗಳಿಗೆ 'ಪ್ರಸಾದನಿಲಯ'ವೆಂದು ಹೆಸರಿಟ್ಟುದರ ಸ್ವಾರಸ್ಯವು ಇಲ್ಲಿ ತೋರುತ್ತದೆ. 'ಪ್ರ' ಉಪಸರ್ಗಪೂರ್ವಕವಾದ 'ಸದ್' ಧಾತುವಿನಿಂದ ಪ್ರಸಾದಶಬ್ದವು ನಿಷ್ಪನ್ನವಾಗಿದೆ. ಕದಡಿದ ನೀರು ತಿಳಿಯಾಗುವುದು ಪ್ರಸಾದ; ಮನಸ್ಸು ತಿಳಿಯಾಗುವುದೂ ಪ್ರಸಾದವೇ. ಅಷ್ಟಾವರಣಗಳಲ್ಲಿ ಒಂದೆಂದು ಗಣಿಸಲ್ಪಟ್ಟ ಪ್ರಸಾದವಾದರೋ ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದ ಪದಾರ್ಥ. ರಾಗಿಯನ್ನು ಕೊಟ್ಟ ರೈತನು ಅರ್ಪಣೆಯಾದೊಡನೆ ಅದರ ಒಡೆಯನಲ್ಲ. ಆದುದರಿಂದ ಉಂಡ ಬಾಲಕನು ಯಾವ ಮನೆಯ ಋಣಿಯೂ ಅಲ್ಲ. ಇನ್ನು 'ನಿಲಯ'ವೆಂದರೆ ಬಂದು ನೆಲಸುವ ತಾಣ. ಹಕ್ಕಿಯ ಗೂಡಿಗೂ ಈ ಮಾತು ಸಲ್ಲುತ್ತದೆ.

ಈ ಹೆಸರು ಹೊಸದು, ಅರ್ಥ ಹಳೆಯದು. ಅಮರಸಿಂಹನು ತನ್ನ ಕೋಶದಲ್ಲಿ ಮಠವೆಂದರೇನೆಂದು ಹೇಳುವಾಗ ಸಂನ್ಯಾಸಿಗಳ ಹೆಸರನ್ನೇ ಎತ್ತಿಲ್ಲ. ಛಾತ್ರರೇ ಮೊದಲಾದವರ ನಿಲಯವೇ ಮಠವೆಂದು ಅರ್ಥವಿಟ್ಟಿದ್ದಾನೆ. ಕೋಶವನ್ನು ಬಾಯಿಪಾಠ ಮಾಡಿದವರೂ ಇದನ್ನು ಗಮನಿಸದೆ ಮುಂದೆ ಹೋಗುವುದುಂಟು. ಛಾತ್ರಶಬ್ದವು ಛತ್ರದಿಂದ, ಎಂದರೆ ಕೊಡೆಯಿಂದ ಬಂದುದು. ಗುರುವಿನ ದೋಷವನ್ನು ಮುಚ್ಚುವವನು ಛಾತ್ರನೆಂದು ಕೆಲವು ವ್ಯಾಖ್ಯಾನಕಾರರು ಹೇಳುವರು. ಗುರುಗಳಿಗೆ ಅನುಕೂಲವಾದ ಅರ್ಥವಿದು! ಪತಂಜಲಿಯ ಮಾತು ಇದಕ್ಕಿಂತ ಮೇಲಾದುದು: ಗುರುವು ಶಿಷ್ಯನಿಗೆ ಕೊಡೆ, ಶಿಷ್ಯನು ಅವನನ್ನು ಕೊಡೆಯಂತೆಯೇ ಜೋಪಾನ ಮಾಡಬೇಕಾದವನು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಕಾಳಾಮುಖ ಮಠದಲ್ಲಿ ವೇದ, ವ್ಯಾಕರಣಾದಿಗಳ ಪಾಠವು ನಡೆಯುತ್ತಿದ್ದುದನ್ನೂ ದೀನರಿಗೆ, ಕುರುಡರಿಗೆ, ಹೆಳವರಿಗೆ ಅನ್ನವು ದೊರೆಯುತ್ತಿದ್ದುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ.

ಪರದೇಶದ ಶಬ್ದವೂ ಇದಕ್ಕೆ ದೂರವಲ್ಲ. 'ಕಾಲೇಜು' ಲ್ಯಾಟಿನ್ ಮೂಲದ್ದು. ಸಹವರ್ತಿಗಳ ಕೂಟವೆಂದು ಅದರ ಅರ್ಥ. ಪ್ಯಾರಿಸಿನಲ್ಲಿ 1257ರ ಸುಮಾರಿಗೆ ಆರಂಭವಾದ ಸೊರ್ಬಾನ್ ಕಾಲೇಜು ಮೊದಲಿಗೆ ಬಡ ವಿದ್ಯಾರ್ಥಿಗಳು ಕೂಡಿ ಇದ್ದು ಓದುವ ವಸತಿಯೇ ಆಗಿದ್ದಿತು. ಪಾಠದ ಕಟ್ಟಡಕ್ಕೆ ಈ ಹೆಸರು ಅಂಟಿದುದು ಅನಂತರ.

ಪ್ರಸಾದನಿಲಯಗಳಲ್ಲಿಯೂ ಕೆಲವು ಆದಿಯಲ್ಲಿ ಸ್ವಸಮಾಜದ ಮಕ್ಕಳಿಗೆ ಮಾತ್ರ ಮೀಸಲಾಗಿದ್ದುವೆಂಬುದನ್ನು ಮರೆಮಾಚಲಾಗದು. ಶಬ್ದದ ಅರ್ಥಕ್ಕಿಂತ ಅಲ್ಲಿ ಬಾಗಿಲು ಕಿರಿದಾಗಿದ್ದಿತು. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಹಸ್ರಾರು ಮಕ್ಕಳನ್ನು ಪಂಕ್ತಿಯಲ್ಲಿ ಕೂರಿಸಿದಾಗ ಬಾಗಿಲು ಅರ್ಥದಷ್ಟೇ ಅಗಲವಾಯಿತು.

ಇತ್ತೀಚೆಗೆ ಫಲಕಗಳಲ್ಲಿ 'ವಿದ್ಯಾರ್ಥಿನಿಲಯ'ವೆಂಬ ಹೆಸರೇ ಹೆಚ್ಚಾಗಿ ಕಾಣುತ್ತದೆ. ಇದನ್ನು ತಪ್ಪಾಗಿ ಬಿಡಿಸಿದರೆ ವಿದ್ಯಾರ್ಥಿನಿಯ ಲಯವೆಂದಾಗುವುದೆಂದು ಪಂಡಿತರು ನಗುವುದುಂಟು. ಅಮರನ ಛಾತ್ರಾದಿಗಳಲ್ಲಿ 'ಆದಿ' ಎಂಬುದೊಂದು ಇದೆ. ಹೆಣ್ಣುಮಕ್ಕಳಿಗೆ ಆ ನಿಲಯದಲ್ಲಿ ಸ್ಥಳವಿಲ್ಲವೆಂದು ಅವನೆಲ್ಲಿಯೂ ಹೇಳಿಲ್ಲ.