ಬಲವಾದ ಗಾಳಿಯಲ್ಲಿ ಪುಟ್ಟ ಹಾಯಿದೋಣಿ

ಮಳೆಗಾಲದಲ್ಲಿ ಮಂಗಳೂರಿನ ಹಳೆ ಬಂದರನ್ನು ನೋಡಿದ್ದೀರಾ? ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಆಗ ದಡ ಸೇರಿರುತ್ತವೆ. ಎಂಜಿನ್ ಬಂದ ಮೇಲೂ ಈ ಪದ್ಧತಿ ತಪ್ಪಿಲ್ಲ. ಹಾಯಿಗೆ ಬೇಕಾದುದು ಗಾಳಿ ತಾನೇ? ಹಾಗಿದ್ದರೂ ಹಾಯಿಯ ಕಾಲದಲ್ಲಿ, ಗಾಳಿ ಅತಿ ಬಲವಾಗಿ ಬೀಸುವ ತಿಂಗಳುಗಳಲ್ಲೇ ನಾವಿಕರು ದಡದಲ್ಲಿ ಉಳಿಯುತ್ತಿದ್ದುದೇಕೆ?

ಉತ್ತರ ಸರಳ ನಿಯಮವೊಂದರಲ್ಲಿದೆ. ಹಾಯಿಯ ಮೇಲೆ ಬೀಳುವ ಬಲ ಗಾಳಿಯ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 20 ಕಿ.ಮೀ. ಇದ್ದ ಗಾಳಿ 40 ಕಿ.ಮೀ. ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಈ ಬಲ ದೋಣಿಯನ್ನು ಮುಂದಕ್ಕೆ ಒಯ್ಯುವುದಷ್ಟೇ ಅಲ್ಲ, ಪಕ್ಕಕ್ಕೂ ವಾಲಿಸುತ್ತದೆ.

ಇದಕ್ಕೆ ಹಳಬರು ಕಂಡುಕೊಂಡ ಪರಿಹಾರ, ಕಾಲವನ್ನು ಆರಿಸಿಕೊಳ್ಳುವುದು. ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಸುಮಾರು ಕ್ರಿ.ಶ. 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಏಡನ್ನಿನ ವರ್ತಕರೊಡನೆ ಅವನು ನಡೆಸಿದ ಪತ್ರವ್ಯವಹಾರ ಕೈರೋದ ಹಳೆಯ ಕಾಗದರಾಶಿಯಲ್ಲಿ ದೊರೆತಿದೆ. ಆ ಕಾಲದ ಹಡಗುಗಳು ಮುಂಗಾರಿನ ಬಿರುಸು ತಗ್ಗುವಾಗ ಇತ್ತ ಬಂದು, ಈಶಾನ್ಯ ಮಾರುತ ಹಿಡಿದು ಹಿಂದಿರುಗುತ್ತಿದ್ದವು. ತಡಮಾಡಿದರೆ ವರ್ಷ ಹಾಳು. ಅವಸರಪಟ್ಟರೆ ಹಡಗಿಗೇ ಅಪಾಯ. ಅದೂ ಗಾಳಿಯೊಡನೆ ಹೂಡಿದ ಪಂದ್ಯವೇ ಆಗಿತ್ತು.

ಪಂದ್ಯಕ್ಕಿಳಿದ ಪುಟ್ಟ ದೋಣಿಗೆ ತಿಂಗಳುಗಟ್ಟಲೆ ಕಾಯಲಾಗದು. ಅದಕ್ಕೆ ಎದುರಾಗುವ ಮೊದಲ ಅಡ್ಡಿ ನೀರೇ. ನೀರನ್ನು ಸೀಳಿ ಸಾಗುವ ದೋಣಿ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. 4 ಮೀಟರ್ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 9 ಕಿ.ಮೀ. 1928ರಲ್ಲಿ ಇಂಗ್ಲೆಂಡಿನ ಉಫಾ ಫಾಕ್ಸ್, ವೇಗ ಹೆಚ್ಚಿದಾಗ ನೀರಿನ ಮೇಲಕ್ಕೆದ್ದು ಜಾರುವಂಥ ತಳವಿದ್ದ 'ಅವೆಂಜರ್' ದೋಣಿಯನ್ನು ರೂಪಿಸಿ, 57 ಪಂದ್ಯಗಳಲ್ಲಿ 52ನ್ನು ಗೆದ್ದರು. ಬಲವಾದ ಗಾಳಿ ಅಲ್ಲಿ ವರವಾಯಿತು.

ಆದರೆ ಮಗುಚುವ ಭಯ? 1938ರಲ್ಲಿ ಪೀಟರ್ ಸ್ಕಾಟ್ ಮತ್ತು ಜಾನ್ ವಿಂಟರ್ ಕೂವೆಮರಕ್ಕೆ ಕಟ್ಟಿದ ತಂತಿಯ ಆಸರೆಯಿಂದ ದೇಹವನ್ನು ದೋಣಿಯ ಹೊರಗೆ ಚಾಚುವ ಉಪಾಯದಿಂದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಗೆದ್ದರು. ಉಪಾಯ ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, ಆ ವರ್ಗದ ಪಂದ್ಯಗಳಲ್ಲಿ ಅದನ್ನು ನಿಷೇಧಿಸಲಾಯಿತು! ಈ ಸ್ಕಾಟ್ ಮುಂದೆ ಪಕ್ಷಿತಜ್ಞರಾಗಿ ಹೆಸರಾದವರು. ಇಂದು ಈ ತಂತಿ ಅನೇಕ ವರ್ಗಗಳಲ್ಲಿ ಸಾಮಾನ್ಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಸ್ಪರ್ಧಿಸಿದ 'ಫಾರ್ಟಿನೈನರ್' ದೋಣಿಯಲ್ಲಿ ಇಬ್ಬರೂ ಹೀಗೆಯೇ ಹೊರಚಾಚುತ್ತಾರೆ.

ಇಲ್ಲಿರುವುದು ನೀವು ಬಲ್ಲ ಸನ್ನೆಯ ತತ್ತ್ವವೇ. ದೋಣಿಯ ನಡುಗೆರೆಯಿಂದ 1 ಮೀಟರ್ ದೂರದಲ್ಲಿರುವ ವ್ಯಕ್ತಿ 2 ಮೀಟರ್‌ಗೆ ಚಾಚಿದರೆ, ದೋಣಿಯನ್ನು ನೆಟ್ಟಗಾಗಿಸುವ ಪರಿಣಾಮ ಎರಡು ಪಟ್ಟಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ಮಾತ್ರ ನಾಲ್ಕು ಪಟ್ಟು! ಮಿಕ್ಕದ್ದನ್ನು ಹಾಯಿಯ ಹಗ್ಗ ಸಡಿಲಿಸಿ ಬಿಟ್ಟುಕೊಡಲೇಬೇಕು. ಬಿಡಲು ಮನಸ್ಸಿಲ್ಲದವನು ನೀರಿಗೆ ಬೀಳುತ್ತಾನೆ.

ಪೆನ್ಸಿಲ್ ಮೇಲೆ ಅಳತೆಪಟ್ಟಿಯಿಟ್ಟು, ಒಂದು ಕಡೆ ನಾಲ್ಕು ನಾಣ್ಯಗಳನ್ನೂ ಇನ್ನೊಂದು ಕಡೆ ಒಂದನ್ನೂ ತೂಗಿಸಿ ನೋಡಿ. ಒಂಟಿ ನಾಣ್ಯ ಎಷ್ಟು ದೂರ ಹೋಗಬೇಕಾಯಿತು? ಮಳೆಗಾಲದಲ್ಲಿ ಮಂಜಿಗಳು ದಡ ಸೇರುವುದೇಕೆಂಬುದು ಆಗ ನಿಮಗೇ ತಿಳಿಯುತ್ತದೆ.